ಮುಚ್ಚಳ ಬಿಚ್ಚುವ ಡಬ್ಬಿ

ನಿಮ್ಮ ಮನೆಯ ಇಂಟರ್‌ನೆಟ್ ಡಬ್ಬಿ ನಿಮ್ಮದಲ್ಲ. ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತೀರಿ, ಧೂಳು ಒರೆಸುತ್ತೀರಿ, ದೀಪ ಆರಿದರೆ ಮನೆಮಂದಿಯೆಲ್ಲ ಸುತ್ತ ನಿಂತು ಮುಖ ಮುಖ ನೋಡಿಕೊಳ್ಳುತ್ತೀರಿ. ಆದರೆ ಬಿಚ್ಚುವ ಹಾಗಿಲ್ಲ. ಬಿಚ್ಚೋಣವೆಂದರೆ ಸ್ಕ್ರೂ ಎಲ್ಲಿದೆ? ಅಂಟು ಹಾಕಿ ಮುಚ್ಚಿದ್ದಾರೆ. ಕೆಟ್ಟರೆ ಕಸ. ಹೊಸದು ಬರುತ್ತದೆ, ಅದೂ ಅವರದೇ. ಇದು ನಿಮಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಗೊತ್ತಿದ್ದೂ ಸುಮ್ಮನಿದ್ದೀರಿ, ಅಷ್ಟೆ.

ಸುಮ್ಮನಿರಲಾಗದ ಒಬ್ಬಳ ಕಥೆ ಕೇಳಿ. ಆಕೆಯನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಾರೆ. ವಯಸ್ಸಿಗಲ್ಲ, ಗಂಟಲಿಗೆ.

ದೊಡ್ಡಕ್ಕ ಹಲವು ವರ್ಷ ದೊಡ್ಡ ಕಂಪನಿಯ ರಿಪೇರಿ ಕೇಂದ್ರದಲ್ಲಿ ಕೌಂಟರಿನ ಹಿಂದೆ ಕೂತವಳು. ಹೊರಗೆ ರಿಪೇರಿ ಕೇಂದ್ರವೆಂದು ಬೋರ್ಡು, ಒಳಗೆ ಒಂದು ಸ್ಕ್ರೂಡ್ರೈವರ್ ಕೂಡ ಇರಲಿಲ್ಲ. ಜನ ಸತ್ತ ಡಬ್ಬಿ ತರುತ್ತಿದ್ದರು, ಆಕೆ "ಇದು ಆಗಲ್ಲ, ಬದಲಾಯಿಸಬೇಕು" ಎನ್ನುತ್ತಿದ್ದಳು. ಹಾಗೆನ್ನುವುದೇ ಕೆಲಸ. ಒಂದು ದಿನ ಊಟದ ಹೊತ್ತಿನಲ್ಲಿ ಅಂಥದೊಂದು ಡಬ್ಬಿಗೆ ಚಾಕು ಹಾಕಿ ಸೀಳಿದಳು. ಒಳಗೆ ಸುಟ್ಟುಹೋದದ್ದು ಕಿರುಬೆರಳ ಉಗುರಿನಷ್ಟು ಚಿಕ್ಕ ಒಂದು ಬಿಡಿಭಾಗ. ಉಳಿದದ್ದೆಲ್ಲ ಗಟ್ಟಿಮುಟ್ಟು. ಒಯ್ದು ಮೇಲ್ವಿಚಾರಕನ ಮೇಜಿನ ಮೇಲಿಟ್ಟಳು.

"ಯಾರಮ್ಮಾ ನಿಮಗೆ ಇದನ್ನ ಬಿಚ್ಚೋಕೆ ಹೇಳಿದ್ದು?"

"ಯಾರೂ ಹೇಳಲಿಲ್ಲ. ಅದಕ್ಕೇ ಬಿಚ್ಚಿದೆ."

ಆ ವಾರವೇ ಕೆಲಸ ಹೋಯಿತು.

ಆಕೆಯ ತಮ್ಮ ಅದೇ ಹೊತ್ತಿಗೆ ಇಬ್ಬರು ಗೆಳೆಯರನ್ನು ಕಟ್ಟಿಕೊಂಡು ಇಂಥ ಡಬ್ಬಿಗಳನ್ನು ಮಾಡುವ ಕಂಪನಿ ತೆರೆದಿದ್ದ. ಕಂಪನಿ ಎಂದರೆ ಮಂಚ ಮೇಜು ಮಾಡಿ ಮಾರುವ ಅಂಗಡಿಯ ಮೇಲೆ, ತಗಡಿನ ಚಾವಣಿಯ ಎರಡು ಕೋಣೆ. ಕೆಳಗೆ ಮರ ಕೊಯ್ದರೆ ಮೇಲೆ ಬೆಸುಗೆ ಹಾಕುವವರ ಕೈ ಅದುರುತ್ತಿತ್ತು. ದೊಡ್ಡಕ್ಕ ಸೇರುವಾಗಲೇ ಷರತ್ತು ಹಾಕಿದಳು: ಮುಚ್ಚಳಕ್ಕೆ ಸ್ಕ್ರೂ ಇರಬೇಕು.

"ಅಂಟೇ ಅಗ್ಗ ಕಣಕ್ಕಾ," ಎಂದ ತಮ್ಮ.

"ಅಂಟು ಬೇಕಿದ್ರೆ ನಿನ್ನ ಬಾಯಿಗೆ ಹಾಕ್ಕೋ."

ಇನ್ನೊಂದು ಷರತ್ತೂ ಇತ್ತು. ಡಬ್ಬಿಯನ್ನು ಪರೀಕ್ಷಿಸಿ ಪಾಸು ಮಾಡಿದವರೇ ಗಿರಾಕಿಯ ದೂರಿನ ಫೋನ್ ಎತ್ತಬೇಕು. ಪಾಸು ಮಾಡುತ್ತಿದ್ದವಳು ದೊಡ್ಡಕ್ಕ, ಹಾಗಾಗಿ ಫೋನೂ ಆಕೆಯ ಕೊರಳಿಗೇ ಬಿತ್ತು.

ಊರಿನ ತಂತಿಯೆಲ್ಲ ಒಬ್ಬನ ಕೈಯಲ್ಲಿದೆ. ಕೇಬಲ್ ಅಣ್ಣ ಎಂದರೆ ನಿಮಗೂ ಗೊತ್ತು. ಅವನ ತಂತಿಗೆ ಸೇರಿಸಿದರೆ ಡಬ್ಬಿ, ಸೇರಿಸದಿದ್ದರೆ ಬರೀ ಪ್ಲಾಸ್ಟಿಕ್ಕು. ದೊಡ್ಡ ಕಂಪನಿ ಅವನ ಮುಂದೆ ಒಂದು ಕರಾರು ಇಟ್ಟಿತು: ಅವನಿಗೆ ಬೇಕಾದಷ್ಟು ಡಬ್ಬಿ ಪುಕ್ಕಟೆ, ಬದಲಿಗೆ ಅವನ ತಂತಿಗೆ ಬೇರೆ ಯಾರ ಡಬ್ಬಿಯೂ ಸೇರಬಾರದು. ಸಹಿ ಬಿತ್ತೆಂದರೆ ತಗಡಿನ ಕೋಣೆಗೆ ಬೀಗ. ತಮ್ಮ ಕಾಡಿ ಬೇಡಿ ಪರೀಕ್ಷೆಗೆಂದು ಒಂದು ಬೀದಿ ಕೇಳಿಕೊಂಡು ಬಂದ. ಆ ಬೀದಿಯಲ್ಲಿ ಇವರ ಡಬ್ಬಿ ನಿಂತರೆ ಕೇಬಲ್ ಅಣ್ಣ ಸಹಿ ಹಾಕುವುದಿಲ್ಲ, ಬಿದ್ದರೆ ಹಾಕುತ್ತಾನೆ.

ಬಿದ್ದವು. ಬಿಸಿಲೇರಿದಂತೆ ಒಂದೊಂದೇ ಡಬ್ಬಿ ಕಣ್ಣು ಮುಚ್ಚುತ್ತಿತ್ತು. ಸಂಜೆ ತಂಪಾದ ಮೇಲೆ ಏನೂ ಆಗಿಲ್ಲವೆಂಬಂತೆ ಎದ್ದು ಕೂರುತ್ತಿತ್ತು. ದೊಡ್ಡಕ್ಕನ ಫೋನು ಬಾಯಿ ಮುಚ್ಚಲಿಲ್ಲ.

"ತಂತಿದೇ ತಪ್ಪು ಅಂದ್ಬಿಡೋಣ," ತಮ್ಮ ತಗ್ಗಿದ ದನಿಯಲ್ಲಿ ಹೇಳಿದ. "ಎಲ್ರೂ ಹಾಗೇ ಅನ್ನೋದು. ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತಲ್ಲೋ," ಎಂದವಳೇ ಚಪ್ಪಲಿ ಮೆಟ್ಟಿದಳು.

ಬೀದಿಯ ಮೊದಲ ಮನೆ ಬಟ್ಟೆ ಹೊಲಿಯುವ ಟೈಲರಮ್ಮನದು. ಟೀವಿಯ ಪಕ್ಕ ಡಬ್ಬಿ ಕೂತಿತ್ತು, ಮೈತುಂಬ ಹೂವಿನ ಬಟ್ಟೆಯ ಅಂಗಿ ತೊಟ್ಟುಕೊಂಡು. ಸೊಂಟಕ್ಕೆ ನೆರಿಗೆ ಬೇರೆ.

"ಇದೇನ್ರೀ ಇದು?"

"ಧೂಳು ಕೂರಬಾರ್ದು ಅಂತ ಹೊಲಿದೆ. ಬೀದಿಗೆಲ್ಲ ನಾನೇ ಹೊಲಿದು ಕೊಟ್ಟಿದ್ದೀನಿ," ಎಂದಳು ಟೈಲರಮ್ಮ. "ಯಾಕೆ, ಬಣ್ಣ ಒಪ್ಪಲಿಲ್ವಾ?"

ದೊಡ್ಡಕ್ಕ ಅಂಗಿಯೊಳಗೆ ಕೈ ತೂರಿಸಿ ಸರಕ್ಕನೆ ಹಿಂದಕ್ಕೆಳೆದುಕೊಂಡಳು. ಒಲೆಯ ಮೇಲಿನ ಕಾವಲಿ! ತಪ್ಪನ್ನು ಟೈಲರಮ್ಮನ ತಲೆಗೆ ಕಟ್ಟಲು ಬಾಯಿ ತೆರೆದವಳು ತಲೆಯೆತ್ತಿ ನೋಡಿದಳು. ನೆತ್ತಿಯ ಮೇಲೆ ಫ್ಯಾನು ಅಲ್ಲಾಡದೆ ನೇತಾಡುತ್ತಿತ್ತು. ಕತ್ತರಿಸಿದ ಬಟ್ಟೆ ಹಾರುತ್ತದೆಂದು ಟೈಲರಮ್ಮ ಹಗಲಿಡೀ ಅದನ್ನು ಆರಿಸಿರುತ್ತಾಳೆ. ಆಗ ಹೊಳೆಯಿತು. ತಗಡಿನ ಕೋಣೆಯಲ್ಲಿ ಸೆಕೆ ತಡೆಯಲಾರದೆ ಮೇಜಿಗೊಂದು ಫ್ಯಾನು ಇಟ್ಟುಕೊಂಡಿದ್ದರು. ಮನುಷ್ಯರಿಗೆಂದು ಬೀಸಿದ ಗಾಳಿಯನ್ನು ಡಬ್ಬಿಗಳೂ ಕುಡಿದು ಸುಖವಾಗಿದ್ದವು. ಮೇಲಿಂದ ಬೀಳಿಸಿ, ನೀರು ಚಿಮುಕಿಸಿ, ಕರೆಂಟು ಏರಿಳಿಸಿ ಪಾಸು ಮಾಡಿದ ದೊಡ್ಡಕ್ಕ ಒಮ್ಮೆಯೂ ಫ್ಯಾನು ಆರಿಸಿ ನೋಡಿರಲಿಲ್ಲ.

ಕೇಬಲ್ ಅಣ್ಣನ ಆಫೀಸಿಗೆ ಹೋದರೆ ಅಲ್ಲಿ ದೊಡ್ಡ ಕಂಪನಿಯ ಮಾರಾಟದವನು ಆಗಲೇ ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

"ತಪ್ಪು ನಮ್ಮದು," ದೊಡ್ಡಕ್ಕ ಕೂರುವ ಮೊದಲೇ ಹೇಳಿದಳು. "ತಂತಿದಲ್ಲ, ಜನರದ್ದೂ ಅಲ್ಲ. ಬಿಸಿಗೆ ಪರೀಕ್ಷೆ ಮಾಡಿರಲಿಲ್ಲ. ಪಾಸು ಮಾಡಿದ್ದು ನಾನೇ."

ಮಾರಾಟದವನು ನಕ್ಕ. "ಕೇಳಿದ್ರಲ್ಲ ಸರ್, ಅವರ ಬಾಯಲ್ಲೇ ಬಂತು. ನಮ್ಮ ಡಬ್ಬಿಗೆ ಕಂಬಳಿ ಹೊದಿಸಿದ್ರೂ ನಿಲ್ಲುತ್ತೆ."

"ನಿಲ್ಲುತ್ತೆ, ಒಪ್ಪಿದೆ. ಆದ್ರೆ ಕೆಟ್ಟಾಗ ನೀವೇನು ಮಾಡ್ತೀರಿ ಅನ್ನೋದನ್ನ ನಿಮ್ಮ ಕೌಂಟರಲ್ಲೇ ಕೂತು ನೋಡಿದ್ದೀನಿ. ನಾವೇನು ಮಾಡ್ತೀವಿ ಅಂತ ನೀವೂ ಬಂದು ನೋಡಿ."

ಮಾರಾಟದವನು ಬರಲಿಲ್ಲ. ಕೇಬಲ್ ಅಣ್ಣ ಬಂದ. ದೊಡ್ಡಕ್ಕ ಮತ್ತು ತಮ್ಮ ಬಿಸಿ ಎಳೆದುಕೊಳ್ಳುವ ಅಲ್ಯೂಮಿನಿಯಂ ಪಟ್ಟಿ, ತೂತು ಕೊರೆದ ಹೊಸ ಮುಚ್ಚಳ ಹೊತ್ತು ಮನೆಯಿಂದ ಮನೆಗೆ ನಡೆದರು. ಜನರ ಮೇಜಿನ ಮೇಲೇ, ಜನರ ಕಣ್ಣೆದುರೇ ಸ್ಕ್ರೂ ಬಿಚ್ಚಿದರು, ಪಟ್ಟಿ ಕೂರಿಸಿದರು, ಮುಚ್ಚಿದರು. "ಒಳಗೆ ಇಷ್ಟೇನಾ ಇರೋದು?" ಎಂದು ಬಗ್ಗಿ ನೋಡಿದವರೇ ಎಲ್ಲರೂ. ಟೈಲರಮ್ಮ ಕತ್ತರಿ ಹಿಡಿದು ಬೀದಿಯ ಅಂಗಿಗಳ ಬೆನ್ನನ್ನೆಲ್ಲ ಕತ್ತರಿಸಿದಳು. "ಬೆನ್ನು ಓಪನ್ನು. ಈಗ ಅದೇ ಫ್ಯಾಷನ್ನು ಬಿಡಿ," ಎಂದಳು. ಒಂದು ಡಬ್ಬಿಯೂ ಕಸದ ಗಾಡಿ ಹತ್ತಲಿಲ್ಲ. ಮರುದಿನದ ಉರಿಬಿಸಿಲಿಗೆ ಒಂದೂ ಕಣ್ಣು ಮುಚ್ಚಲಿಲ್ಲ.

ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಸ್ಕ್ರೂ ಇರುವ ಡಬ್ಬಿಯನ್ನು ಕಳ್ಳರು ಬಿಚ್ಚಿ ನಿಮ್ಮ ಫೋಟೋ ಕದಿಯುತ್ತಾರೆ ಎಂಬ ಪುಕಾರು ಊರಿಡೀ ಓಡಾಡಿತು. ಯಾರು ಹಬ್ಬಿಸಿದರೋ, ಯಾರಿಗೆ ಲಾಭವೋ, ನೀವೇ ಲೆಕ್ಕ ಹಾಕಿ. ಫೋಟೋಗಳು ಆ ಡಬ್ಬಿಯೊಳಗೆ ಇರುವುದೇ ಇಲ್ಲ ಸ್ವಾಮಿ! ನಲ್ಲಿ ಬಿಚ್ಚಿದರೆ ಕೆರೆ ಸಿಗುತ್ತದೆಯೇ?

ದೊಡ್ಡಕ್ಕ ಮತ್ತೆ ಕೇಬಲ್ ಅಣ್ಣನ ಎದುರು ನಿಂತಳು.

"ನಿಮ್ಮ ಕೆಲಸ ನೋಡಿದೆ ಅಕ್ಕ, ಚೆನ್ನಾಗಿದೆ," ಎಂದ ಅವನು. "ಆದ್ರೆ ಒಂದು ಸಲ ಬಿದ್ದಿದ್ದು ಬಿದ್ದಂಗೇ. ಪುಕ್ಕಟೆ ಬರೋದನ್ನ ನಾನ್ಯಾಕೆ ಬಿಡ್ಲಿ? ಸೋಮವಾರ ಸಹಿ ಹಾಕ್ತೀನಿ."

"ಪುಕ್ಕಟೆ ನಿಮಗೆ ಅಣ್ಣ. ಜನಕ್ಕೆ ಬಾಡಿಗೆ ತಪ್ಪುತ್ತಾ?"

"ಜನ ಎಲ್ಲಿ ಕೇಳ್ತಿದ್ದಾರೆ? ಆ ಒಂದು ಬೀದಿ ಬಿಟ್ರೆ, ನಮಗೆ ಬೇರೆ ಡಬ್ಬಿ ಬೇಕು ಅಂತ ಒಬ್ಬರಾದ್ರೂ ಫೋನ್ ಮಾಡಿದ್ದಾರಾ?"

"ಸೋಮವಾರ ಅಂದ್ರಲ್ಲ. ಅಲ್ಲೀವರೆಗೆ ಪೆನ್ನು ಜೇಬಲ್ಲೇ ಇರಲಿ," ಎಂದು ಆಕೆ ಹೊರಟು ಬಂದಳು.

ಇದನ್ನೆಲ್ಲ ಕೇಳಿಕೊಂಡು ಬಂದು ನಿಮಗೆ ಹೇಳೋಣವೆಂದು ನಾನು ಹೋದಾಗ ತಗಡಿನ ಕೋಣೆಯ ಫ್ಯಾನುಗಳೆಲ್ಲ ನಿಂತಿದ್ದವು. ಬೆವರಲ್ಲಿ ತೊಯ್ದು ತೊಪ್ಪೆಯಾಗಿ ದೊಡ್ಡಕ್ಕ ಹೊಸ ಡಬ್ಬಿಗಳನ್ನು ಪರೀಕ್ಷಿಸುತ್ತಿದ್ದಳು. "ಸೋಮವಾರ ಬೀಗ ಬೀಳೋದಾದ್ರೆ ಇದೆಲ್ಲ ಯಾಕಕ್ಕಾ?" ಎಂದು ತಮ್ಮ ಕೇಳಿದ. "ಬೀಗ ಹಾಕೋರು ಬರ್ಲಿ, ಆಮೇಲೆ ನೋಡೋಣ. ಮುಂದಿನದು ಕೊಡು," ಎಂದಳು.

ಕೇಬಲ್ ಅಣ್ಣನ ಪ್ರಶ್ನೆಗೆ ಉತ್ತರ ಹೇಳಬೇಕಾದವಳು ಆಕೆಯಲ್ಲ. ನೀವು. ಆಕೆಯ ಡಬ್ಬಿಯನ್ನೇ ತೆಗೆದುಕೊಳ್ಳಿ ಎನ್ನುತ್ತಿಲ್ಲ. ದೊಡ್ಡ ಕಂಪನಿಯದೇ ಚೆಂದವೆನಿಸಿದರೆ ಧಾರಾಳವಾಗಿ ಅದನ್ನೇ ಇಟ್ಟುಕೊಳ್ಳಿ. ಆದರೆ ಆರಿಸುವ ಕೈ ನಿಮ್ಮದಾಗಿರಲಿ. ಕೇಬಲ್ ಅಣ್ಣನ ನಂಬರು ನಿಮ್ಮ ಬಿಲ್ಲಿನ ಮೇಲೇ ಇದೆ. ಸೋಮವಾರದೊಳಗೆ ಅವನಿಗೆ ಫೋನ್ ಮಾಡಿ. "ನನ್ನ ಮನೆಗೆ ಯಾವ ಡಬ್ಬಿ ಎಂದು ನಾನು ಹೇಳುತ್ತೇನೆ, ನನ್ನ ಪರವಾಗಿ ನೀನು ಸಹಿ ಹಾಕಬೇಡ" ಎಂದು ಹೇಳಿ.