ಅಜ್ಜನ ಹಲ್ಲು ಹುಡುಕಿದ ಅಕ್ಕತಂಗಿ

ರೈಲು ನಿಲ್ದಾಣದ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ, ಪ್ರಯಾಣಿಕರು ಮರೆತುಹೋದ ಸಾಮಾನುಗಳನ್ನು ಕಾಯುತ್ತಿದ್ದವಳನ್ನು ಎಲ್ಲರೂ ಛತ್ರಿ ಅಕ್ಕ ಎಂದೇ ಕರೆಯುತ್ತಿದ್ದರು. ಅಲ್ಲಿ ಛತ್ರಿಗಳದ್ದೇ ಕಾರುಬಾರು. ಯಾವ ಮೂಲೆಯಲ್ಲಿ ಏನಿದೆ ಎಂಬುದು ಅವಳಿಗೆ ಬಾಯಿಪಾಠ.

ಎಲ್ಲ ನಿಲ್ದಾಣಗಳ ಸಾಮಾನಿನ ಪಟ್ಟಿಯನ್ನೂ ಒಂದೇ ಕಂಪ್ಯೂಟರಿಗೆ ಸೇರಿಸಿದ ಮೇಲೆ ಪೀಕಲಾಟ ಶುರುವಾಯಿತು. ಯಾರಾದರೂ ಫೋನ್ ಮಾಡಿ "ಕೊಡೆ ಕಳೆದಿದೆ" ಎಂದರೆ ಅದು "ಇಲ್ಲ" ಎನ್ನುತ್ತಿತ್ತು. ಅದರೊಳಗೆ ಇದ್ದದ್ದೆಲ್ಲ "ಛತ್ರಿ"! ಅದನ್ನು ಸರಿಪಡಿಸಲು ಕಚೇರಿಯವರು ಕಳಿಸಿದ್ದು ಅವಳ ಸ್ವಂತ ತಂಗಿಯನ್ನೇ.

"ಅಕ್ಕಾ, ಇದಕ್ಕೊಂದು ಆಂಟಾಲಜಿ ಕಟ್ಬೇಕು."

"ಯಾರನ್ನೇ ಆಂಟಿ ಅಂತಿದ್ದೀಯ?"

ತಂಗಿ ನಗುತ್ತಲೇ ಬಿಡಿಸಿ ಹೇಳಿದಳು. "ಕಂಪ್ಯೂಟರಿಗೆ ಅಕ್ಷರ ಕಾಣುತ್ತೆ, ಅರ್ಥ ಕಾಣಲ್ಲ. ಕೊಡೆ, ಛತ್ರಿ ಎರಡೂ ಒಂದೇ. ಹಿಡಿ ಅದರ ಭಾಗ. ಬೇಕಾಗೋದು ಮಳೆಗೆ, ಬಿಸಿಲಿಗೆ. ಹೀಗೆ ಯಾವುದಕ್ಕೆ ಯಾವುದು ಏನಾಗಬೇಕು ಅಂತ ಅದಕ್ಕೆ ಹೇಳಿಕೊಡೋದೇ ಆಂಟಾಲಜಿ."

"ಓಹೋ, ಇವನು ಅವಳ ಭಾವ, ಅವಳು ಇವಳ ನಾದಿನಿ ಅಂತ ಪರಿಚಯ ಮಾಡಿಸೋ ಹಾಗೆ!"

ಅಂದಿನಿಂದ ಇಬ್ಬರೂ ಪಕ್ಕಪಕ್ಕ ಕೂತು ಪದಗಳ ನೆಂಟಸ್ತಿಕೆ ಬೆಸೆದರು. ಚೀಲ, ಬ್ಯಾಗು ಒಂದಾದವು. ಬಾಚಣಿಗೆಗೂ ಗರಗಸಕ್ಕೂ ಹಲ್ಲಿದೆ ಎಂದೂ ಕಲಿಸಿದರು.

ಒಂದು ಬೆಳಿಗ್ಗೆ ಬೊಕ್ಕಬಾಯಿಯ ಅಜ್ಜನೊಬ್ಬ ಬಂದ.

"ನನ್ ಹಲ್ಲು ರೈಲಲ್ಲೇ ಬಿಟ್ಟೆ ಕಣಮ್ಮ. ನಾಳೆ ಮೊಮ್ಮಗಳ ಮದುವೆ."

ತಂಗಿ "ಹಲ್ಲು" ಎಂದು ಹುಡುಕಿದಳು. ರಾಶಿ ಬಾಚಣಿಗೆ ಬಂದವು, ಜೊತೆಗೊಂದು ಗರಗಸ. ಅಜ್ಜ ಬೋಳುತಲೆ ಸವರಿಕೊಂಡ.

"ಬಾಯಲ್ಲಿ ಹಲ್ಲಿಲ್ಲ, ತಲೇಲಿ ಕೂದಲಿಲ್ಲ. ಬಾಚಣಿಗೆ ತಗೊಂಡು ಏನ್ ಮಾಡ್ಲಮ್ಮ?"

ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಕಟ್ಟಿಸಿದ ಹಲ್ಲು ಅಂದ್ರೆ ಬಾಯಲ್ಲಿ ಹಾಕ್ಕೊಳ್ಳೋ ಸಾಮಾನು ಅಂತ ಸೇರಿಸೇ," ಎಂದಳು ಅಕ್ಕ.

"ದವಡೆಗೆ ಕೂರುತ್ತೆ, ತೆಗೆದಿಡಬಹುದು ಅಂತಾನೂ ಸೇರಿಸ್ತೀನಿ," ಎಂದಳು ತಂಗಿ.

ಮತ್ತೆ ಹುಡುಕಿದಾಗ ದೂರದ ನಿಲ್ದಾಣದವರು ಬರೆದಿದ್ದ ಒಂದು ಸಾಲು ಮೇಲೆದ್ದು ಬಂತು: "ನೀಲಿ ಡಬ್ಬಿ, ಒಳಗೆ ದವಡೆ ಸೆಟ್." ಅದರಲ್ಲಿ ಹಲ್ಲು ಎಂಬ ಪದವೇ ಇರಲಿಲ್ಲ, ಆದರೂ ಕಂಪ್ಯೂಟರು ದವಡೆಯ ಜಾಡು ಹಿಡಿದು ಹಲ್ಲನ್ನು ಮುಟ್ಟಿತ್ತು.

"ನಂದೇ! ಡಬ್ಬಿ ನೀಲೀದೇ!" ಅಜ್ಜ ಕುರ್ಚಿಯಿಂದ ಎದ್ದೇಬಿಟ್ಟ. ಅಕ್ಕತಂಗಿ ಒಬ್ಬರನ್ನೊಬ್ಬರು ತಬ್ಬಿಕೊಂಡರು.

ಡಬ್ಬಿ ಮಧ್ಯಾಹ್ನದ ರೈಲಿಗೆ ಬಂತು. ಆಮೇಲೆ ಮದುವೆಯ ಫೋಟೋವೂ ಬಂತು. ಅದರಲ್ಲಿ ಗಂಡುಹೆಣ್ಣಿನ ನಡುವೆ ನುಸುಳಿದ್ದ ಅಜ್ಜ, ಅಷ್ಟೂ ಹಲ್ಲು ಕಾಣುವಂತೆ ನಗುತ್ತಿದ್ದ. ಛತ್ರಿ ಅಕ್ಕ ಅದನ್ನು ಗೋಡೆಗೆ ಅಂಟಿಸಿ, ಬಂದವರಿಗೆಲ್ಲ ಹೇಳುತ್ತಿದ್ದಳು: "ನೋಡಿ, ಈ ನಗು ನಾವು ಅಕ್ಕತಂಗಿ ಹುಡುಕಿಕೊಟ್ಟದ್ದು."