ತೊಟ್ಟಿಲಿಗೆ ಬೇಡವಾದ ಹಗ್ಗ

ನಾಲ್ಕು ವರ್ಷದ ಹಿಂದೆ, ನನಗೆ ಅರವತ್ತೆಂಟಾಗಿದ್ದಾಗ, ಹಾರನಹಳ್ಳಿಯಲ್ಲಿ ಪಕ್ಕದ ಮನೆ ಮಗುವಿನ ತೊಟ್ಟಿಲಿಗೆಂದು ತೆಂಗಿನ ನಾರಿನ ಹಗ್ಗ ಹೊಸೆದು ಕೊಂಡೊಯ್ದೆ. ಮಗುವಿನ ಅಜ್ಜಿ ಗೌರಮ್ಮ ಅದನ್ನು ಮುಟ್ಟಲೇ ಇಲ್ಲ.

“ಮದುವೇನೇ ಆಗದೋಳು ಹೊಸೆದ ಹಗ್ಗ ತೊಟ್ಟಿಲಿಗೆ ಕಟ್ಟಬಾರದು ಕಣೇ.”

ಇಂಗ್ಲಿಷ್ ಮೇಡಂ ಆಗಿರುವ ಅವರ ಸೊಸೆಗೆ ಸಿಟ್ಟು ಬಂತು. “ಅತ್ತೆ, ಇಂಗ್ಲಿಷಲ್ಲಿ ‘ಸ್ಟರ್’ ಅಂತ ಮುಗಿಯೋ ಎಷ್ಟೋ ಮಾತು ಮೊದಲು ಹೆಂಗಸರ ಕಸುಬಿನ ಹೆಸರು. ವೆಬ್‌ಸ್ಟರ್ ಅಂದ್ರೆ ನೇಯೋಳು, ಸ್ಪಿನ್‌ಸ್ಟರ್ ಅಂದ್ರೆ ನೂಲು ತೆಗೆಯೋಳು. ಆಮೇಲಾಮೇಲೆ ಸ್ಪಿನ್‌ಸ್ಟರ್ ಅಂದ್ರೆ ಮದುವೆಯಾಗದೋಳು ಅಂತಾಗೋಯ್ತು.”

“ಕಸುಬು ಮರೆತು, ಗಂಡ ಇಲ್ಲದ್ದನ್ನ ನೆನಪಿಟ್ಕೊಂಡ್ರಾ? ಹಂಗಾದ್ರೆ ಇಂಗ್ಲಿಷಿನೋರೂ ನಿಮ್ಮತ್ತೆ ಥರಾನೇ ಬಿಡವ್ವ” ಅಂದೆ.

ಸೊಸೆ ನಕ್ಕಳು, ಗೌರಮ್ಮ ನಗಲಿಲ್ಲ. ತೊಟ್ಟಿಲಿಗೆ ಅಂಗಡಿಯ ಪ್ಲಾಸ್ಟಿಕ್ ಹಗ್ಗವನ್ನೇ ಕಟ್ಟಿದರು.

ಮರುದಿನ ಬೆಳಿಗ್ಗೆ ಹೋಗಿ, ಅವರ ಹಸುವಿನ ಕೊರಳಿಗೆ ಹಿಂದೆ ನಾನೇ ಹೊಸೆದುಕೊಟ್ಟಿದ್ದ ಹಗ್ಗವನ್ನೂ ಬಿಚ್ಚಿಕೊಂಡು ಬಂದೆ. ಹಸು ನನ್ನ ಹಿಂದೆಯೇ ಬಂತು.