ಮುಟ್ಟಲಾಗದ ಡಾಲರ್

ಮಾವನ ಹೆಬ್ಬೆರಳಿನಲ್ಲಿ ಗೆರೆಗಳಿಲ್ಲ. ಬ್ಯಾಂಕಿನಲ್ಲಿ ಬೆರಳಚ್ಚಿನ ಯಂತ್ರದ ಮೇಲೆ ಅವರು ಬೆರಳಿಟ್ಟರೆ ಅದು ಗುರುತೇ ಹಿಡಿಯುವುದಿಲ್ಲ. "ಇನ್ನೊಂದ್ಸಲ ಇಡಿ" ಅನ್ನುತ್ತಾಳೆ ಕೌಂಟರಿನ ಹುಡುಗಿ. ಇಡುತ್ತಾರೆ. ಆಗುವುದಿಲ್ಲ. "ಹೋಗ್ಲಿ ಬಿಡಮ್ಮ, ನಾನಿಲ್ಲೇ ನಿಂತಿದೀನಲ್ಲ, ನಾನೇ ಅಂತ ನಂಬು" ಎಂದು ನಗುತ್ತಾರೆ.

ಪಾಲಿಶ್ ಕಾರ್ಖಾನೆಯಲ್ಲಿ ದುಡಿದ ಕೈ ಅದು. ನಲ್ಲಿ, ಬಾಗಿಲ ಹಿಡಿ, ಪಂದ್ಯದಲ್ಲಿ ಗೆದ್ದವರಿಗೆ ಕೊಡುವ ಬಟ್ಟಲು, ಮಂಚದ ಕಂಬಿ, ಏನೇ ಬರಲಿ, ಗರಗರ ತಿರುಗುವ ಬಟ್ಟೆಯ ಚಕ್ರಕ್ಕೆ ಒತ್ತಿ ಹಿಡಿದು, ಮುಖ ಕಾಣುವ ಹಾಗೆ ಮಾಡಿ ಕಳಿಸುತ್ತಿದ್ದರು. ಅಲ್ಲಿ ಅವರಿಗೆ ಮಿಂಚಣ್ಣ ಎಂದೇ ಹೆಸರು. ಮದುವೆಯಾಗಿ ಬಂದ ಹೊಸತರಲ್ಲಿ ಅವರ ಬನಿಯನ್ ಒಗೆದರೆ ನೀರು ಕಪ್ಪಾಗುತ್ತಿತ್ತು. ಲೋಹದ ಪುಡಿ ಮೈಗೆ ಹೇಗೆ ಇಳಿದಿತ್ತೆಂದರೆ, ಕೆಲಸ ಬಿಟ್ಟ ಮೇಲೂ ಎಷ್ಟೋ ದಿನ ಹಾಗೇ ಇತ್ತು.

ಇಂಥವರಿಗೆ ಅಮೆರಿಕದ ಹಳೇ ಬೆಳ್ಳಿ ಡಾಲರ್ ನಾಣ್ಯಗಳ ಹುಚ್ಚು ಹಿಡಿದದ್ದು ಒಂದು ಎಡವಟ್ಟಿನಿಂದ. ಕಾರ್ಖಾನೆಗೆ ಸಾಮಾನು ತಂದ ಗಿರಾಕಿಯೊಬ್ಬ ಮೆಚ್ಚಿ ಒಂದು ಡಾಲರ್ ಕೊಟ್ಟು ಹೋದನಂತೆ. ಅಂಗೈ ತುಂಬುವ ನಾಣ್ಯ. ಒಂದು ಕಡೆ ಹೆಂಗಸಿನ ತಲೆ, ಇನ್ನೊಂದು ಕಡೆ ರೆಕ್ಕೆ ಬಿಚ್ಚಿದ ಹಕ್ಕಿ, ಮೇಲೆಲ್ಲ ಹೊಗೆ ಹಿಡಿದ ಹಾಗೆ ಕಪ್ಪು. ಮಿಂಚಣ್ಣ ಸುಮ್ಮನಿರುತ್ತಾರೆಯೇ? ಊಟದ ಬಿಡುವಿನಲ್ಲಿ ಚಕ್ರಕ್ಕೆ ಹಿಡಿದು ಝಗಝಗ ಮಾಡಿ, ಎದೆಯುಬ್ಬಿಸಿಕೊಂಡು ನಾಣ್ಯದ ಅಂಗಡಿಗೆ ಒಯ್ದರು. ಅಂಗಡಿಯ ಯಜಮಾನರು ಭೂತಕನ್ನಡಿ ಹಿಡಿದು ನೋಡಿದರು. ಅದನ್ನು ಕೆಳಗಿಟ್ಟರು. ಕಣ್ಣು ಮುಚ್ಚಿಕೊಂಡರು.

"ಸ್ವಾಮಿ, ಅಷ್ಟು ವರ್ಷದ ವಯಸ್ಸನ್ನ ಒಂದು ಊಟದ ಹೊತ್ತಲ್ಲಿ ಒರೆಸಿ ಹಾಕಿದ್ರಲ್ಲ. ಇನ್ನಿದಕ್ಕೆ ತೂಕದ ಬೆಲೆ ಅಷ್ಟೇ."

ಬೇರೆಯವರಾಗಿದ್ದರೆ ಆ ಕಡೆ ಮತ್ತೆ ತಲೆ ಹಾಕುತ್ತಿರಲಿಲ್ಲ. ಮಾವ ಮುಂದಿನ ಭಾನುವಾರವೂ ಹೋದರು, ಯಾಕೆ ಒರೆಸಬಾರದು ಎಂದು ಕೇಳಲು. ಅಂದಿನಿಂದ ಇಬ್ಬರಿಗೂ ಗೆಳೆತನ. ಯಜಮಾನರಿಗೆ ನಮ್ಮ ಮನೆಯಲ್ಲಿ ಭೂತಕನ್ನಡಿ ಎಂದೇ ಹೆಸರು.

ಆಮೇಲೆ ಮಾವ ಆಗೊಮ್ಮೆ ಈಗೊಮ್ಮೆ ಒಂದೊಂದು ಕೊಂಡರು. ಸವೆದವು, ಅಂಚಿಗೆ ಪೆಟ್ಟು ಬಿದ್ದವು, ಯಾರೂ ಕೇಳದವು. ಒಂದನ್ನೂ ಒರೆಸಲಿಲ್ಲ. ಅತ್ತೆಗೆ ಇದು ದೊಡ್ಡ ತಮಾಷೆ. "ಊರವರ ನಲ್ಲಿಯೆಲ್ಲ ಫಳಫಳ, ನಿಮ್ಮ ಡಬ್ಬೀಲಿ ಮಾತ್ರ ಮಸಿ" ಅನ್ನುವರು. "ನಿನ್ನನ್ನೂ ಒರೆಸಿಲ್ಲ ಕಣೇ, ಹಂಗೇ ಇಟ್ಕೊಂಡಿದೀನಿ" ಎಂದು ಮಾವ. ಅತ್ತೆ ಸೌಟು ಎತ್ತುವರು.

ಸಂಜೆ ಊಟದ ಮೇಜಿನ ಮೇಲೆ ಹಳೇ ಟವಲು ಹಾಸಿ ಒಂದೊಂದನ್ನೇ ಇಡುತ್ತಾರೆ. ಕಣ್ಣು ಮುಚ್ಚಿ, ಆ ಗೆರೆಯಿಲ್ಲದ ಹೆಬ್ಬೆರಳನ್ನು ನಾಣ್ಯದ ಹೆಂಗಸಿನ ಕೆನ್ನೆಯ ಮೇಲೆ ಆಡಿಸಿ ಯಾವುದೆಂದು ಹೇಳುತ್ತಾರೆ. ನನಗೆ ಹೆರಿಗೆಯಾದ ಮೇಲೆ, ಹೊತ್ತು ಮುಳುಗಿದರೆ ಸಾಕು, ಕೂಸು ಕಾಲು ಮಡಿಚಿಕೊಂಡು ಅಳಲು ಶುರುಮಾಡುತ್ತಿತ್ತು. ಹೊಟ್ಟೆನೋವು. ಡಾಕ್ಟರು ತಾನಾಗಿ ಹೋಗುತ್ತದೆ ಎಂದಿದ್ದರು, ಹೋಗುವವರೆಗೆ ನಾನೇನು ಮಾಡಲಿ ಎಂದು ಮಾತ್ರ ಹೇಳಿರಲಿಲ್ಲ. ಒಂದು ಸಂಜೆ ಮಾವ ಬೆರಳ ತುದಿಯಲ್ಲಿ ಒಂದು ಡಾಲರ್ ನಿಲ್ಲಿಸಿ, ಇನ್ನೊಂದರ ಅಂಚಿನಿಂದ ಮೆಲ್ಲಗೆ ತಟ್ಟಿದರು. ಬೆಳ್ಳಿಯ ದನಿ ಅದೆಷ್ಟು ಹೊತ್ತು ನಿಲ್ಲುತ್ತದೆಂದು ಅಂದೇ ನನಗೆ ತಿಳಿದದ್ದು. ಮಗು ಅಳು ನಿಲ್ಲಿಸಿ ದನಿ ಹೋದ ಕಡೆ ನೋಡಿತು. "ನೀನು ಮಲ್ಕೋ ಹೋಗಮ್ಮ. ನಾವಿಬ್ರೂ ಅಂಗಡಿ ತೆಗೆದಿದೀವಿ" ಎಂದರು ಮಾವ. ಆ ದಿನಗಳಲ್ಲಿ ನನಗೆ ಸಿಕ್ಕ ನಿದ್ದೆಯೆಲ್ಲ ಅವರು ಕೊಟ್ಟಿದ್ದು. ಅದನ್ನು ಹೇಗೆ ತೀರಿಸುವುದೋ ಗೊತ್ತಿಲ್ಲ, ತೀರಿಸುವ ಮಾತೆತ್ತಿದರೆ ಬೈಯುತ್ತಾರೆ.

ಮಾವ ಕೆಲಸ ಬಿಟ್ಟಾಗ ಕಾರ್ಖಾನೆಯವರು ಒಂದಿಷ್ಟು ಗಂಟು ಕೊಟ್ಟರು. ಮುಂದೆ ಅವರಿಬ್ಬರಿಗೆ ಕಾಯಿಲೆ ಕಸಾಲೆ ಎಂದರೆ ಅದೊಂದೇ ಆಸರೆ. ನಮ್ಮಿಬ್ಬರ ಸಂಬಳ ಮನೆ ಬಾಡಿಗೆ ಮತ್ತು ಮಗುವಿಗೆ ಸರಿಹೋಗುತ್ತದೆ. ಆ ಗಂಟಿನ ಮೇಲೆ ನನ್ನವರ ಕಣ್ಣು ಬಿತ್ತು. ಕೆಟ್ಟ ಕಣ್ಣಲ್ಲ, ಅಪ್ಪನಿಗೆ ಏನಾದರೂ ದೊಡ್ಡದು ಮಾಡಬೇಕೆನ್ನುವ ಮಗನ ಕಣ್ಣು.

"ಅಪ್ಪ, ಭೂತಕನ್ನಡಿ ಹತ್ರ ಒಂದು ಅಪರೂಪದ ಡಾಲರ್ ಬಂದಿದೆ ಅಂತೀಯಲ್ಲ. ಅದನ್ನ ತಗೋ."

"ಅದರ ರೇಟು ಕೇಳಿದೀಯೇನೋ? ನನ್ನ ಗಂಟಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗುತ್ತೆ."

"ಖರ್ಚಲ್ಲ ಅದು, ಹೂಡಿಕೆ. ಬ್ಯಾಂಕಲ್ಲಿಟ್ರೆ ಏನು ಬರುತ್ತೆ, ಚೂರುಪಾರು. ಇದು ಐದು ವರ್ಷಕ್ಕೆ ಎರಡು ಪಟ್ಟು. ನಿನಗೂ ಆಸೆ ತೀರುತ್ತೆ."

"ಎರಡು ಪಟ್ಟು ಅಂತ ಯಾರು ಹೇಳಿದ್ರು?" ಎಂದೆ ನಾನು.

"ಎಲ್ಲರೂ ಹೇಳ್ತಾರೆ."

"ಎಲ್ಲರೂ ಅಂದ್ರೆ, ಮಾರೋರು ತಾನೇ?"

ನನ್ನವರು ನನ್ನತ್ತ ನೋಡಿದ ನೋಟದಲ್ಲಿ ಅರ್ಧ ಸಿಟ್ಟು, ಅರ್ಧ ನಗು. ಆ ಡಾಲರನ್ನು ಮಾವ ಎಷ್ಟು ಬಯಸುತ್ತಾರೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹಕ್ಕಿಯ ಬಾಲದ ಕೆಳಗೆ ಒಂದು ಪುಟ್ಟ ಅಕ್ಷರ ಇರುತ್ತದೆ, ಯಾವ ಟಂಕಸಾಲೆಯಲ್ಲಿ ಅಚ್ಚಾಯಿತೆಂದು ತಿಳಿಸಲು. ಈ ಡಾಲರ್ ಅಚ್ಚಾದ ವರ್ಷದಲ್ಲಿ ಆ ಅಕ್ಷರವಿರುವ ನಾಣ್ಯಗಳು ತುಂಬ ಕಡಿಮೆ. ವಾರಗಟ್ಟಲೆ ಅವರ ಬಾಯಲ್ಲಿ ಅದೇ ಮಾತು.

ಅತ್ತೆ ಬಟ್ಟೆ ಮಡಿಸುತ್ತ, ತಲೆಯೆತ್ತದೆ ಹೇಳಿದರು. "ತಗೊಳ್ಳಿ. ಇಷ್ಟು ಕಾಲ ಬೇರೆಯವರ ಸಾಮಾನಿಗೇ ಕೈ ಸವೆಸಿದ್ದಾಯ್ತು. ಒಂದು ನಿಮ್ಮದು ಅಂತ ಇರಲಿ. ನಾನು ಕಾಯಿಲೆ ಬೀಳದ ಹಾಗೆ ನೋಡ್ಕೋತೀನಿ."

ಆ ಕೊನೆಯ ಮಾತು ಕೇಳಿದ ಮೇಲೆ ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಹೂಂ ಎನ್ನಲು ಮನಸ್ಸು ಬರಲಿಲ್ಲ.

ಶನಿವಾರ ಎಲ್ಲರೂ ಅಂಗಡಿಗೆ ಹೋದೆವು. ಮಗುವನ್ನು ಸೊಂಟಕ್ಕೇರಿಸಿಕೊಂಡು ನಾನೂ. ಉದ್ದನೆಯ ಇಕ್ಕಟ್ಟಾದ ಅಂಗಡಿ, ಗಾಜಿನ ಕಪಾಟು, ಎಳೆದರೆ ಕಿರ್ರೆನ್ನುವ ಖಾನೆಗಳು. ಭೂತಕನ್ನಡಿ ಯಜಮಾನರು ಮಗುವಿಗೆ ಒಂದು ಬಿಸ್ಕತ್ತು ಕೊಟ್ಟು, ಕಪ್ಪು ಮಖಮಲ್ಲಿನ ತುಂಡು ಹಾಸಿ, ಅದರ ಮೇಲೆ ಡಾಲರನ್ನು ಇಟ್ಟರು.

ಅದು ಗಟ್ಟಿ ಪ್ಲಾಸ್ಟಿಕ್ಕಿನ ಚಪ್ಪಟೆ ಡಬ್ಬಿಯೊಳಗಿತ್ತು. ಮೇಲೆ ಚೀಟಿ, ಚೀಟಿಯಲ್ಲಿ ದರ್ಜೆ, ನಂಬರು. ನಾಣ್ಯ ಅಸಲಿಯೇ, ಎಷ್ಟು ಚೆನ್ನಾಗಿದೆ ಎಂದು ಪರೀಕ್ಷೆ ಮಾಡಿದ ಕಂಪನಿಯವರು ಅಂಟಿಸಿ ಮುಚ್ಚಿ ಕಳಿಸಿದ್ದು.

ಮಾವ ಎರಡೂ ಕೈಯಿಂದ ಎತ್ತಿಕೊಂಡರು. ಹೆಬ್ಬೆರಳು ತಾನಾಗಿ ಹೆಂಗಸಿನ ಕೆನ್ನೆಗೆ ಹೋಯಿತು, ಪ್ಲಾಸ್ಟಿಕ್ಕಿನ ಮೇಲೆ ಜಾರಿತು. ಮತ್ತೆ ಹೋಯಿತು, ಮತ್ತೆ ಜಾರಿತು.

"ಇದನ್ನ ತೆಗೆಯೋದು ಹೇಗೆ?"

"ತೆಗೆಯಬಾರದು. ತೆಗೆದ್ರೆ ಈ ಚೀಟಿಗೆ ಬೆಲೆ ಇಲ್ಲ. ಮತ್ತೆ ಪರೀಕ್ಷೆಗೆ ಕಳಿಸಬೇಕು, ಅವರು ಇದೇ ದರ್ಜೆ ಕೊಡ್ತಾರೆ ಅಂತ ಹೇಳೋಕಾಗಲ್ಲ."

"ಮುಟ್ಟೋ ಹಾಗೇ ಇಲ್ವಾ?"

"ನೋಡೋದು ಅಷ್ಟೇ."

ನಾನು ಗಟ್ಟಿ ಮನಸ್ಸು ಮಾಡಿ ಕೇಳಿದೆ. "ಅಂಕಲ್, ಇವತ್ತು ಇದನ್ನ ನಾವು ತಗೊಂಡು, ನಾಳೆ ಮನೇಲಿ ಏನೋ ಕಷ್ಟ ಬಂತು ಅಂತ ನಿಮ್ಮ ಹತ್ರಾನೇ ವಾಪಸ್ ತಂದ್ರೆ ಎಷ್ಟು ಕೊಡ್ತೀರಿ?"

ನನ್ನವರು ನನ್ನ ಕಾಲು ತುಳಿದರು. ಯಜಮಾನರು ಮಾತ್ರ ಬೇಸರಪಡಲಿಲ್ಲ. ಭೂತಕನ್ನಡಿಯನ್ನು ಅಂಗಿಯ ತುದಿಯಿಂದ ಒರೆಸುತ್ತ ಹೇಳಿದರು. "ನಿಜ ಹೇಳ್ಲಾ? ಮೂರರಲ್ಲಿ ಎರಡು ಪಾಲು ಕೊಟ್ರೆ ಹೆಚ್ಚು. ನಾನೂ ಹೊಟ್ಟೆಪಾಡು ನೋಡ್ಕೋಬೇಕಲ್ಲ. ಒಳ್ಳೇ ಗಿರಾಕಿ ಸಿಗೋವರೆಗೆ ಕಾಯ್ತೀವಿ ಅಂದ್ರೆ ಪೂರ್ತಿ ಬರಬಹುದು, ಹೆಚ್ಚೂ ಬರಬಹುದು. ಒಂದು ತಿಂಗಳೋ ಮೂರು ವರ್ಷವೋ, ಅದು ನನ್ನ ಕೈಲಿಲ್ಲ."

"ಬೆಲೆ ಏರೋದಂತೂ ನಿಜ ತಾನೇ?" ಎಂದರು ನನ್ನವರು.

"ಇಷ್ಟು ದಿನ ಏರಿದೆ. ಮುಂದಿನದು ನನಗೆ ಗೊತ್ತಿದ್ದಿದ್ರೆ ನಾನ್ಯಾಕೆ ಮಾರ್ತಿದ್ದೆ ಮಹರಾಯ."

ಮಾವ ಬೆರಳಿನಿಂದ ಡಬ್ಬಿಯನ್ನು ತಟ್ಟಿ ಕಿವಿಯ ಹತ್ತಿರ ಹಿಡಿದರು. ಟಕ್ ಎಂದಿತು, ಅಷ್ಟೇ. ಮೊಮ್ಮಗಳು ಬಿಸ್ಕತ್ತಿನ ಕೈ ಚಾಚಿದಳು. "ಅಯ್ಯೋ, ಇದು ಬೇಡ ಪುಟ್ಟಿ, ಗೀರು ಬೀಳುತ್ತೆ" ಎಂದು ಡಬ್ಬಿಯನ್ನು ಎತ್ತಿ ಹಿಡಿದುಬಿಟ್ಟರು. ಹಿಡಿದವರು ಹಾಗೇ ನಿಂತರು. ಮಗುವಿಗೆ ಯಾವತ್ತೂ ಏನನ್ನೂ ಬೇಡ ಎಂದವರಲ್ಲ ಅವರು.

ನಿಧಾನವಾಗಿ ಅದನ್ನು ಮಖಮಲ್ಲಿನ ಮೇಲೆ ಇಟ್ಟರು.

"ಬೇಡ ಕಣೋ" ಎಂದರು ಮಗನಿಗೆ.

"ಅಪ್ಪ, ಇವಳು ಕೇಳಿದ್ದಕ್ಕೆ ನೀನು ಹೆದರ್ಕೋಬೇಡ."

"ಅವಳು ಕೇಳಿದ್ದು ಸರಿಯಾಗೇ ಇದೆ. ಅದಲ್ಲ. ಇದು ಮನೇಲಿದ್ರೆ, ಬೆಲೆ ಏರಿದ ದಿನ ಮಾರಿಬಿಡೋಣ ಅಂತೀಯ. ಇಳಿದ ದಿನ ಊಟ ಬಿಡ್ತೀಯ, ಅಪ್ಪನ ದುಡ್ಡು ಹಾಳು ಮಾಡಿದೆ ಅಂತ. ಸುಮ್ನೆ ಕೂತು ನೋಡು ಅಂತ ಯಾರೂ ಅನ್ನಲ್ಲ. ನಾನೂ ಇದನ್ನ ನೋಡಲ್ಲ, ರೇಟೇ ನೋಡ್ತಿರ್ತೀನಿ. ನಿಮ್ಮಮ್ಮ ಬೇರೆ ಕೆಮ್ಮಿದ್ರೂ ಬಚ್ಚಿಟ್ಕೊಂಡು ಕೆಮ್ತಾಳೆ."

"ನಾನ್ಯಾಕೆ ಬಚ್ಚಿಟ್ಕೊಳ್ಳಲಿ" ಎಂದರು ಅತ್ತೆ. ದನಿಯಲ್ಲಿ ಮಾತ್ರ ಎದೆಯ ಮೇಲಿನ ಭಾರ ಇಳಿದಂತಿತ್ತು.

ಮಾವ ಮಾಮೂಲಿ ನಾಣ್ಯಗಳ ತಟ್ಟೆಯನ್ನು ಎಳೆದುಕೊಂಡು, ಅದರಲ್ಲಿ ಹಕ್ಕಿ ಬರಿಯ ನೆರಳಿನ ಹಾಗೆ ಸವೆದಿದ್ದ ಒಂದನ್ನು ಆರಿಸಿದರು. ಬೆಳ್ಳಿಯ ತೂಕಕ್ಕಿಂತ ತುಸು ಹೆಚ್ಚಿನ ಬೆಲೆ. ಜೇಬಿನ ದುಡ್ಡಿನಲ್ಲೇ ಕೊಟ್ಟರು. ಹಿಂದಿರುಗುವಾಗ ಬಸ್ಸಿನಲ್ಲಿ ಮಗು ಅದನ್ನು ಹಿಡಿದುಕೊಂಡು ಅಂಚು ನೆಕ್ಕುತ್ತಿತ್ತು. ಬಾಯೊಳಗೆ ಹೋಗದಷ್ಟು ದೊಡ್ಡದು, ನನಗೂ ಚಿಂತೆಯಿಲ್ಲ. ನನ್ನವರು ಕಿಟಕಿಯಾಚೆ ನೋಡುತ್ತ ಕೂತಿದ್ದರು. ಎರಡು ದಿನ ಮುಖ ಊದಿಸಿಕೊಂಡೇ ಇದ್ದರು.

ಇದಾಗಿ ವರ್ಷದ ಮೇಲಾಯಿತು. ಮೊನ್ನೆ ನನ್ನವರು ಮೊಬೈಲು ನೋಡುತ್ತ, "ಅಂಥ ಡಾಲರಿಗೆ ಈಗ ಎಷ್ಟಾಗಿದೆ ಗೊತ್ತಾ?" ಎಂದು ಕೇಳಿದರು. ಹೆಚ್ಚೇ ಆಗಿತ್ತು. ಸುಳ್ಳೇಕೆ ಹೇಳಲಿ, ನಾನೂ ಮನಸ್ಸಿನಲ್ಲೇ ಒಮ್ಮೆ ಲೆಕ್ಕ ಹಾಕಿದೆ. ಮಾವ ಮಗುವಿಗೆ ಅನ್ನ ಕಲಸುತ್ತಿದ್ದವರು, "ಹೌದೇನೋ? ಪಾಪ, ಭೂತಕನ್ನಡಿಗೆ ಖುಷಿಯಾಗಿರಬೇಕು. ಇನ್ನೂ ಅವನ ಕಪಾಟಲ್ಲೇ ಇದೆ" ಎಂದರು.

"ಇನ್ನೂ ಹೋಗಿಲ್ವಾ?"

"ಕೇಳೋರು ಕೇಳ್ತಾರಂತೆ. ಕೊಳ್ಳೋರು ಬಂದಿಲ್ಲ."

ಈ ಭಾನುವಾರ ಮಾವನ ಜೊತೆ ನಾನೂ ಮಗುವೂ ಹೋದೆವು. ಹಿಂದೆಯೇ ನನ್ನವರೂ ಚಪ್ಪಲಿ ಮೆಟ್ಟಿಕೊಂಡು ಬಂದರು, ತರಕಾರಿ ತರಬೇಕು ಎಂಬ ನೆಪ ಹೇಳಿಕೊಂಡು. ಮಾವ ಒಳಗೆ ಕಾಲಿಟ್ಟ ಕೂಡಲೇ ಯಜಮಾನರು ಕೇಳದೆಯೇ ಖಾನೆ ಎಳೆದು, ಮಖಮಲ್ಲು ಹಾಸಿ, ಆ ಡಾಲರನ್ನು ಇಟ್ಟು, ತಮ್ಮ ಭೂತಕನ್ನಡಿಯನ್ನೂ ಮಾವನ ಮುಂದೆ ಸರಿಸಿದರು. ಪ್ರತಿ ವಾರವೂ ಹೀಗೆಯೇ ನಡೆಯುತ್ತದೆಯಂತೆ. ಮಾವ ಸ್ಟೂಲಿನ ಮೇಲೆ ಕೂತು ಬಗ್ಗಿದರು. ಕೂದಲಿನ ಎಳೆಗಳನ್ನು ನೋಡಿದರು, ಹಕ್ಕಿಯ ಎದೆಯ ಗರಿಗಳನ್ನು ನೋಡಿದರು, ಬಾಲದ ಕೆಳಗಿನ ಅಕ್ಷರ ನೋಡಿದರು. ಬೆಲೆಯ ಮಾತು ಯಾರೂ ಎತ್ತಲಿಲ್ಲ.

"ನೀನೂ ನೋಡು ಬಾರೋ" ಎಂದು ಮಗನಿಗೆ ಜಾಗ ಬಿಟ್ಟರು. ನನ್ನವರು ಒಂದು ಕಣ್ಣು ಮುಚ್ಚಿ ಬಗ್ಗಿದರು. ತುಂಬ ಹೊತ್ತು ಏಳಲಿಲ್ಲ.

"ಗರಿ ಒಂದೊಂದೂ ಬೇರೆ ಬೇರೆ ಕಾಣುತ್ತಲ್ಲಪ್ಪ" ಎಂದರು ಕೊನೆಗೆ.

"ಮತ್ತೆ?" ಎಂದರು ಮಾವ, ತಾವೇ ಕೆತ್ತಿದವರ ಹಾಗೆ.